ಬಣ್ಣಕ್ಕಿಂತ ಮೊದಲು ಕಸುಬು: ಉಷ್ಣವಲಯದ ಕಾಡಿನ ಪುಟ್ಟ ಕೀಟಭಕ್ಷಕ ಹಕ್ಕಿಗಳನ್ನು ಗುರುತಿಸುವ ಕ್ರಮ

ದಟ್ಟ ಕಾಡಿನಲ್ಲಿ ಪುಟ್ಟ ಹಕ್ಕಿಯೊಂದು ಕಣ್ಣಿಗೆ ಬೀಳುವುದು ಹೆಚ್ಚೆಂದರೆ ಎರಡು ಮೂರು ಕ್ಷಣ. ಅಷ್ಟರಲ್ಲಿ ಅದು ಎಲೆಯ ಮರೆಗೆ ಸರಿದಿರುತ್ತದೆ. ಹೊಸದಾಗಿ ಹಕ್ಕಿ ನೋಡಲು ತೊಡಗಿದವರು ಆ ಎರಡು ಮೂರು ಕ್ಷಣಗಳನ್ನೂ ಬಣ್ಣ ಹುಡುಕುವುದರಲ್ಲಿ ಕಳೆದು, ಮನೆಗೆ ಬಂದು ಚಿತ್ರಪುಸ್ತಕ ತೆರೆದು, ಒಂದೇ ಬಗೆಯ ಹತ್ತು ನೀಲಿ ಹಕ್ಕಿಗಳನ್ನು ಕಂಡು ಕಂಗಾಲಾಗುತ್ತಾರೆ. ಕಾಡಿನ ನೆರಳಿನಲ್ಲಿ ಬಣ್ಣವನ್ನು ನಂಬುವಂತಿಲ್ಲ. ನೊಣಹಿಡುಕಗಳ ನೀಲಿ ವರ್ಣದ್ರವ್ಯದಿಂದ ಬಂದದ್ದಲ್ಲ. ಗರಿಯ ಸೂಕ್ಷ್ಮ ರಚನೆ ಬೆಳಕನ್ನು ಚದುರಿಸುವುದರಿಂದ ಆ ನೀಲಿ ತೋರುತ್ತದೆ. ಆದ್ದರಿಂದ ಬೆಳಕು ಕಡಿಮೆಯಾದೊಡನೆ ಅದೇ ಹಕ್ಕಿ ಕಪ್ಪಗೆ ಕಾಣುತ್ತದೆ, ಆಕಾಶಕ್ಕೆ ಬೆನ್ನು ಮಾಡಿ ಕುಳಿತರಂತೂ ಬರಿಯ ನೆರಳಾಗಿಬಿಡುತ್ತದೆ.

ಈ ಲೇಖನದಲ್ಲಿ ಹೇಳುವ ಕ್ರಮ ಹಾಗಾಗಿ ಪುಸ್ತಕದ ಕ್ರಮಕ್ಕೆ ಉಲ್ಟಾ ಆಗಿದೆ. ಮೊದಲು ಹಕ್ಕಿ ಹುಳುವನ್ನು ಹಿಡಿಯುವ ಬಗೆಯನ್ನು, ಆಮೇಲೆ ಅದು ಇರುವ ಎತ್ತರವನ್ನು, ಆಮೇಲೆ ಜೊತೆಗಾರರನ್ನು ಮತ್ತು ದನಿಯನ್ನು ಗಮನಿಸಬೇಕು. ಬಣ್ಣವನ್ನು ಕೊನೆಗೆ, ಉಳಿದಿರುವ ಎರಡು ಮೂರು ಜಾತಿಗಳಲ್ಲಿ ಒಂದನ್ನು ಆರಿಸುವುದಕ್ಕಷ್ಟೇ ಬಳಸಬೇಕು. ಪಶ್ಚಿಮ ಘಟ್ಟ, ಶ್ರೀಲಂಕಾ, ಮಲಯಾ, ಬೋರ್ನಿಯೊ ಎಲ್ಲೇ ಆಗಲಿ, ಜಾತಿಗಳು ಬದಲಾದರೂ ಕಸುಬುಗಳು ಬದಲಾಗುವುದಿಲ್ಲ. ಈ ಕ್ರಮಕ್ಕಿರುವ ದೊಡ್ಡ ಅನುಕೂಲವೇ ಅದು.

ಹೆಸರು ಕುಲದ್ದಲ್ಲ

ಆರಂಭದಲ್ಲೇ ಒಂದು ಗೊಂದಲವನ್ನು ಬಗೆಹರಿಸಿಕೊಳ್ಳುವುದು ಒಳ್ಳೆಯದು. ನೊಣಹಿಡುಕ ಎಂಬುದು ಕುಲದ ಹೆಸರಲ್ಲ, ಕಸುಬಿನ ಹೆಸರು. ಟಿಕೆಲ್ಲನ ನೀಲಿ ನೊಣಹಿಡುಕ ಮಡಿವಾಳ ಹಕ್ಕಿ ಮತ್ತು ಶಾಮಗಳ ಕುಟುಂಬಕ್ಕೆ ಸೇರಿದ್ದು. ಉದ್ದ ಬಾಲದ ರಾಜಹಕ್ಕಿಯನ್ನೂ ಬಹಳ ಕಾಲ ನೊಣಹಿಡುಕವೆಂದೇ ಕರೆಯಲಾಗುತ್ತಿತ್ತು, ಆದರೆ ಅದರ ಹತ್ತಿರದ ನೆಂಟರು ಕಾಜಾಣ ಮತ್ತು ಬೀಸಣಿಗೆ ಬಾಲದ ಹಕ್ಕಿಗಳು. ಬೂದು ತಲೆಯ, ಹಳದಿ ಹೊಟ್ಟೆಯ ಪುಟ್ಟ ನೊಣಹಿಡುಕದ ಕಥೆ ಇನ್ನೂ ವಿಚಿತ್ರ. ಡಿಎನ್‌ಎ ಅಧ್ಯಯನಗಳು ಅದನ್ನು ಆಫ್ರಿಕಾದ ಕೆಲವು ಸಣ್ಣ ಹಕ್ಕಿಗಳ ಜೊತೆ ಬೇರೆಯೇ ಕುಟುಂಬದಲ್ಲಿ ಇರಿಸಿವೆ. ಹಾರುವ ಹುಳುವನ್ನು ಗಾಳಿಯಲ್ಲೇ ಹಿಡಿಯುವ ಕೆಲಸಕ್ಕೆ ಅಗಲವಾದ ಚಪ್ಪಟೆ ಕೊಕ್ಕು, ಕೊಕ್ಕಿನ ಬುಡದಲ್ಲಿ ಮೀಸೆಯಂಥ ಬಿರುಗೂದಲು, ನೆಟ್ಟಗೆ ಕೂರುವ ಭಂಗಿ ಬೇಕಾಗುವುದರಿಂದ, ಬೇರೆ ಬೇರೆ ವಂಶದ ಹಕ್ಕಿಗಳು ಒಂದೇ ರೂಪಕ್ಕೆ ಬಂದಿವೆ. ಕಾಡಿನಲ್ಲಿ ನಿಂತ ನಮಗೆ ಅವುಗಳ ವಂಶವೃಕ್ಷ ಕಾಣುವುದಿಲ್ಲ, ಕೆಲಸ ಕಾಣುತ್ತದೆ, ಕಾಣುವುದರಿಂದಲೇ ಹೊರಡೋಣ.

ಸಿದ್ಧತೆ

ಬೈನಾಕ್ಯುಲರ್ ಕೊಳ್ಳುವಾಗ ಹೆಚ್ಚು ದೊಡ್ಡದಾಗಿ ತೋರಿಸುವುದೇ ಉತ್ತಮವೆಂದು ಭಾವಿಸಿ 10x42 (ಹತ್ತು ಪಟ್ಟು ವರ್ಧನೆ, 42 ಮಿಲಿಮೀಟರ್ ವ್ಯಾಸದ ಮುಂದಿನ ಗಾಜು) ಆರಿಸುವವರು ಹಲವರು. ಮಳೆಕಾಡಿಗೆ ಅದು ಸರಿಯಾದ ಆಯ್ಕೆಯಲ್ಲವೆಂಬುದು ನನ್ನ ಅಭಿಪ್ರಾಯ. ಮುಂದಿನ ಗಾಜಿನ ವ್ಯಾಸವನ್ನು ವರ್ಧನೆಯಿಂದ ಭಾಗಿಸಿದರೆ ಕಣ್ಣಿಗೆ ತಲುಪುವ ಬೆಳಕಿನ ಕಿಂಡಿಯ ಅಗಲ ಸಿಗುತ್ತದೆ. 10x42ಕ್ಕೆ ಅದು 4.2 ಮಿಲಿಮೀಟರ್, 8x42ಕ್ಕೆ 5.25 ಮಿಲಿಮೀಟರ್. ನಸುಕಿನಲ್ಲಿ, ಬಿದಿರುಮೆಳೆಯ ಒಳಗೆ, ಈ ಒಂದು ಮಿಲಿಮೀಟರಿನ ಅಂತರ ಚೆನ್ನಾಗಿಯೇ ಗೊತ್ತಾಗುತ್ತದೆ. ಇದಲ್ಲದೆ ಎಂಟರ ವರ್ಧನೆಯಲ್ಲಿ ನೋಟದ ಹರವು ಹೆಚ್ಚು, ಕೈ ನಡುಕದ ತೊಂದರೆ ಕಡಿಮೆ. ಕ್ಷಣಕ್ಕೊಂದು ಕೊಂಬೆಗೆ ನೆಗೆಯುವ ಹಕ್ಕಿಯನ್ನು ಹಿಂಬಾಲಿಸಲು ಇವೆರಡೂ ಬೇಕು. ಎರಡು ಮೀಟರ್ ದೂರದ ವಸ್ತುವೂ ಸ್ಪಷ್ಟವಾಗಿ ಕಾಣುವಂಥದ್ದನ್ನು ಆರಿಸಿಕೊಳ್ಳಿ, ಏಕೆಂದರೆ ನೆಲಮಟ್ಟದ ಹರಟೆಮಲ್ಲಗಳು ಕೆಲವೊಮ್ಮೆ ಕಾಲಿನ ಹತ್ತಿರವೇ ಬಂದುಬಿಡುತ್ತವೆ.

ಹಕ್ಕಿಯ ಮೇಲಿನ ದೃಷ್ಟಿಯನ್ನು ಕದಲಿಸದೆ ಬೈನಾಕ್ಯುಲರನ್ನು ಕಣ್ಣಿಗೆ ಎತ್ತುವ ಅಭ್ಯಾಸವನ್ನು ಮನೆಯಲ್ಲೇ, ಕಿಟಕಿಯಾಚೆಯ ಯಾವುದಾದರೂ ಎಲೆಯ ಮೇಲೆ ಮಾಡಿಕೊಳ್ಳಿ. ಬಟ್ಟೆ ಮಾಸಲು ಬಣ್ಣದ್ದಾಗಿದ್ದರೆ ಸಾಕು. ಮಳೆಗಾಲದ ಕಾಡಿನಲ್ಲಿ ಇಂಬಳಗಳಿರುತ್ತವೆ. ಒತ್ತಾಗಿ ನೇಯ್ದ ಬಟ್ಟೆಯ ಉದ್ದ ಕಾಲುಚೀಲವನ್ನು ಪ್ಯಾಂಟಿನ ಮೇಲೆ ಮಂಡಿಯವರೆಗೆ ಎಳೆದು ಕಟ್ಟಿಕೊಂಡರೆ ಹತ್ತು ನಿಮಿಷ ಅಲುಗಾಡದೆ ನಿಲ್ಲುವ ಧೈರ್ಯ ಬರುತ್ತದೆ, ಈ ಕೆಲಸದಲ್ಲಿ ನಿಲ್ಲುವುದೇ ಮುಖ್ಯ.

ಮೊದಲ ಹೆಜ್ಜೆ: ನಿಲ್ಲುವ ಜಾಗ ಮತ್ತು ಹೊತ್ತು

ಬೆಳಕು ಹರಿದ ಮೇಲಿನ ಎರಡು ಮೂರು ಗಂಟೆಗಳೇ ಒಳ್ಳೆಯ ಹೊತ್ತು. ರಾತ್ರಿಯಿಡೀ ಹಸಿದಿದ್ದ ಹಕ್ಕಿಗಳು ಆಗ ಬಿಡುವಿಲ್ಲದೆ ಮೇಯುತ್ತವೆ. ಜಡಿಮಳೆ ನಿಂತು ಬಿಸಿಲು ಇಣುಕಿದ ಅರ್ಧ ಗಂಟೆಯೂ ಅಷ್ಟೇ ಒಳ್ಳೆಯದು. ಮೊದಲ ಮಳೆಗಳ ನಂತರ ಗೆದ್ದಲಿನ ಗೂಡಿನಿಂದ ರೆಕ್ಕೆಹುಳುಗಳು ಏಳತೊಡಗಿದರೆ ಅಲ್ಲಿಂದ ಕದಲಬೇಡಿ. ಎಲ್ಲ ಕಸುಬಿನ ಹಕ್ಕಿಗಳೂ ಒಂದೇ ಕಡೆ ಸೇರುವ ಅಪರೂಪದ ಸಂದರ್ಭವದು.

ಜಾಗ ಆರಿಸುವಾಗ ಹುಳುಗಳನ್ನು ನೆನೆಯಿರಿ. ಮರ ಉರುಳಿ ಬಿಸಿಲು ನೆಲಕ್ಕೆ ಬೀಳುವ ಕಿಂಡಿಗಳಲ್ಲಿ, ತೊರೆಯ ಅಂಚಿನಲ್ಲಿ, ಬಿದಿರುಮೆಳೆಯ ಬದಿಯಲ್ಲಿ ಹಾರುವ ಹುಳುಗಳು ಹೆಚ್ಚು. ಬಿಸಿಲಿನ ಕೋಲು ಬೀಳುವ ಕಡೆಗೆ ಮುಖ ಮಾಡದೆ, ಬೆಳಕು ಬೆನ್ನ ಹಿಂದೆ ಇರುವಂತೆ ಮರಕ್ಕೆ ಒರಗಿ ನಿಂತು ಹದಿನೈದು ಇಪ್ಪತ್ತು ನಿಮಿಷ ಕಾಯಿರಿ. ನಡೆಯುತ್ತಾ ಹೋದವನಿಗೆ ಹಾರಿಹೋದ ಹಕ್ಕಿಗಳ ಬೆನ್ನು ಕಾಣುತ್ತದೆ, ನಿಂತವನಿಗೆ ಮುಖ ಕಾಣುತ್ತದೆ.

ಎರಡನೆಯ ಹೆಜ್ಜೆ: ಹುಳು ಹಿಡಿಯುವ ಬಗೆ

ಎಲೆಗಳ ನಡುವೆ ಏನೋ ಅಲುಗಿತೆಂದಾಗ ಮನಸ್ಸಿನಲ್ಲಿ ಏಳಬೇಕಾದ ಮೊದಲ ಪ್ರಶ್ನೆ, ಅದು ಕುಳಿತು ಕಾಯುತ್ತಿದೆಯೋ ಇಲ್ಲವೇ ಹುಡುಕುತ್ತಾ ಸಾಗುತ್ತಿದೆಯೋ ಎಂಬುದು. ಈ ಒಂದೇ ಪ್ರಶ್ನೆ ಅರ್ಧಕ್ಕರ್ಧ ಹಕ್ಕಿಗಳನ್ನು ಪಟ್ಟಿಯಿಂದ ತೆಗೆದುಬಿಡುತ್ತದೆ.

ಕುಳಿತು ಕಾಯುವುದು ನಿಜವಾದ ನೊಣಹಿಡುಕಗಳ ರೀತಿ. ಕಂದು ನೊಣಹಿಡುಕ ಬೋಳು ಕೊಂಬೆಯ ತುದಿಯಲ್ಲಿ ನೆಟ್ಟಗೆ ಕುಳಿತು, ಚಿಮ್ಮಿ ಹಾರಿ, ಗಾಳಿಯಲ್ಲಿ ಹುಳುವನ್ನು ಕಚ್ಚಿ, ಬಹುಪಾಲು ಅದೇ ಕೊಂಬೆಗೆ ಮರಳುತ್ತದೆ. ಇದು ನಮಗೆ ಸಿಗುವ ದೊಡ್ಡ ಉಪಕಾರ. ಹಕ್ಕಿ ಹಾರಿಹೋಯಿತೆಂದು ಬೈನಾಕ್ಯುಲರ್ ಇಳಿಸದೆ ಖಾಲಿ ಕೊಂಬೆಯನ್ನೇ ನೋಡುತ್ತಿದ್ದರೆ ಅದು ತಾನಾಗಿ ಚೌಕಟ್ಟಿನೊಳಗೆ ಬಂದು ಕೂರುತ್ತದೆ. ಟಿಕೆಲ್ಲನ ನೀಲಿ ನೊಣಹಿಡುಕ ಇದೇ ಕೆಲಸವನ್ನು ಕೆಳಮಟ್ಟದ ಪೊದೆಗಳಲ್ಲಿ ಮಾಡುತ್ತದೆ, ಆಗಾಗ ನೆಲಕ್ಕೂ ಎರಗುತ್ತದೆ. ಕೆಂಪೆದೆಯ ನೊಣಹಿಡುಕ ಬಾಲವನ್ನು ಮೇಲಕ್ಕೆ ಚಿಮ್ಮುತ್ತಿರುತ್ತದೆ. ಆಗ ಬಾಲದ ಬುಡದ ಎರಡು ಬದಿಯ ಬಿಳಿ ಮಿಂಚುತ್ತದೆ, ಗಂಟಲಿನ ಕೆಂಪು ಕಾಣದ ಹೆಣ್ಣನ್ನೂ ಮರಿಗಳನ್ನೂ ಗುರುತಿಸಲು ಅಷ್ಟು ಸಾಕು. ಬೂದುತಲೆಯ ಪುಟ್ಟ ನೊಣಹಿಡುಕಕ್ಕೆ ಮಾತ್ರ ಕಾಯುವ ತಾಳ್ಮೆ ಕಡಿಮೆ. ಅದು ಮತ್ತೆ ಮತ್ತೆ ಚಿಮ್ಮಿ, ಕೂತ ಜಾಗ ಬದಲಿಸುತ್ತಾ, ಜೊತೆಯ ಹಕ್ಕಿಗಳು ಎಬ್ಬಿಸಿದ ಹುಳುಗಳನ್ನು ಹಿಡಿಯುತ್ತಿರುತ್ತದೆ.

ಬೀಸಣಿಗೆ ಬಾಲದವುಗಳು ಕಾಯುವುದೂ ಇಲ್ಲ, ಹುಡುಕುವುದೂ ಇಲ್ಲ, ಎಬ್ಬಿಸುತ್ತವೆ. ಬಾಲವನ್ನು ಅರಳಿಸಿ, ರೆಕ್ಕೆ ಇಳಿಬಿಟ್ಟು, ಕೊಂಬೆಯ ಮೇಲೆ ಆಚೆ ಈಚೆ ತಿರುಗುವಾಗ ಬೆದರಿ ಹಾರಿದ ಹುಳು ಅವುಗಳ ಪಾಲು. ಈ ನರ್ತನವನ್ನು ಒಮ್ಮೆ ಕಂಡವರಿಗೆ ಆ ಹಕ್ಕಿಯನ್ನು ಗುರುತಿಸಲು ಬಣ್ಣದ ಅಗತ್ಯ ಮತ್ತೆ ಬೀಳುವುದಿಲ್ಲ.

ಹುಡುಕುತ್ತಾ ಸಾಗುವವುಗಳಲ್ಲಿ ಎಲೆ ಉಲಿಯಕ್ಕಿಗಳು ಅತಿ ಚುರುಕು. ಕೆಲವೇ ಗ್ರಾಂ ತೂಗುವ ಈ ಜೀವಿಗಳು ಎಲೆಯ ಅಡಿಭಾಗವನ್ನು ನೋಡುತ್ತಾ, ರೆಕ್ಕೆ ಅದುರಿಸುತ್ತಾ ಕ್ಷಣ ಕೂಡ ನಿಲ್ಲದೆ ಸಾಗುತ್ತವೆ. ಕೊಕ್ಕು ಸೂಜಿಯಷ್ಟು ಸಪೂರ. ಮಧುರಕಂಠವೂ ಎಲೆಗಳನ್ನೇ ಶೋಧಿಸುತ್ತದೆ, ಆದರೆ ಅದರ ಚಲನೆಯಲ್ಲಿ ಆತುರವಿಲ್ಲ, ಕೊಕ್ಕು ದಪ್ಪ. ಚಿತ್ರಪಕ್ಷಿಗಳು ಮರದ ನೆತ್ತಿಯಲ್ಲಿ ಗುಂಪಾಗಿ, ಒಂದರ ಹಿಂದೊಂದು ಹಾರುತ್ತಾ ಮುಂದಿನ ಮರಕ್ಕೆ ಹೋಗುತ್ತವೆ. ಕಾಂಡದ ಮೇಲೆ ತಲೆಕೆಳಗಾಗಿ ಇಳಿದು ಬರುವ ಪುಟ್ಟ ಹಕ್ಕಿ ಕಂಡರೆ ಅದು ಮರಗುಬ್ಬಿ. ಮರಕುಟಿಗಗಳು ತಲೆ ಮೇಲಾಗಿಯೇ ಹತ್ತುತ್ತವೆ.

ನೆಲದ ತರಗೆಲೆ ಮತ್ತೊಂದು ಕಸುಬಿನ ಸೀಮೆ. ಚುಕ್ಕೆ ಹರಟೆಮಲ್ಲ ಇಲಿಯಂತೆ ತರಗಿನ ಮೇಲೆ ನಡೆಯುತ್ತಾ ಎಲೆಗಳನ್ನು ಕೊಕ್ಕಿನಿಂದ ಮಗುಚುತ್ತದೆ. ಎಷ್ಟೋ ಸಲ ಮೊದಲು ಕಿವಿಗೆ ಬೀಳುವುದು ಆ ಸರಸರ ಸದ್ದೇ. ಬಾಗಿದ ಹಳದಿ ಕೊಕ್ಕಿನ ಹರಟೆಮಲ್ಲ ತೊಗಟೆಯ ಬಿರುಕಿಗೂ ಪಾಚಿಗೂ ಕೊಕ್ಕು ತೂರಿಸುತ್ತದೆ. ಮಲಯಾ ಮತ್ತು ಬೋರ್ನಿಯೊದ ತಗ್ಗು ಕಾಡುಗಳ ಕೆಲವು ಪುಟ್ಟ ಹರಟೆಮಲ್ಲಗಳು ಬಳ್ಳಿಗಳಲ್ಲಿ ಸಿಕ್ಕು ತೂಗಾಡುವ ಒಣ ಎಲೆಗೊಂಚಲುಗಳನ್ನು ಒಂದೊಂದಾಗಿ ಶೋಧಿಸುತ್ತವೆ. ಅಂಥ ಕಾಡಿನಲ್ಲಿ ಗಾಳಿಯಿಲ್ಲದಾಗ ಒಣ ಎಲೆಗಳು ಅಲುಗಿದರೆ ಅತ್ತ ಕಣ್ಣಿಡಬೇಕು.

ಮೂರನೆಯ ಹೆಜ್ಜೆ: ಎತ್ತರ

ನೆಲ, ಮಂಡಿಯೆತ್ತರದ ಪೊದೆ, ತಲೆಯೆತ್ತರದಿಂದ ಹತ್ತು ಮೀಟರಿನವರೆಗಿನ ನಡುಕಾಡು, ಅದರ ಮೇಲಿನ ಹಸುರು ಮಾಳಿಗೆ ಎಂದು ನಾಲ್ಕು ಅಂತಸ್ತು ಮಾಡಿಕೊಂಡರೆ ಸಾಕು. ಕಂಡ ಹಕ್ಕಿಯ ಅಂತಸ್ತನ್ನು ಅಂದಾಜಿನಲ್ಲಾದರೂ ಬರೆದಿಡಿ. ಪಶ್ಚಿಮ ಘಟ್ಟದ ಎತ್ತರದ ಕಣಿವೆಗಳಲ್ಲಿರುವ ಶೋಲಾ ಕಾಡುಗಳ ಕಪ್ಪು ಕಿತ್ತಳೆ ನೊಣಹಿಡುಕ ನೆಲಕ್ಕೆ ಹತ್ತಿರದ ಪೊದೆಗಳಲ್ಲೇ ಇರುತ್ತದೆ, ಚಳಿಗಾಲದಲ್ಲಿ ಹಿಮಾಲಯದ ಕಡೆಯಿಂದ ಬರುವ ತುತ್ತದ ಬಣ್ಣದ ನೊಣಹಿಡುಕ ಎತ್ತರದ ಬಯಲು ಕೊಂಬೆಗಳ ಮೇಲೆ ಕೂರುತ್ತದೆ. ಇವೆರಡನ್ನೂ ಅಂತಸ್ತು ಅದಲುಬದಲಾಗಿ ಕಾಣುವುದು ವಿರಳ. ಕೆಳ ಅಂತಸ್ತಿನ ಕೀಟಭಕ್ಷಕಗಳಲ್ಲಿ ಹಲವು ಬಯಲನ್ನು ದಾಟಲು ಹಿಂಜರಿಯುವುದರಿಂದ, ಕಾಡು ತುಂಡಾದಾಗ ಮೊದಲು ಮಾಯವಾಗುವವುಗಳೂ ಅವೇ. ಅಗಲವಾದ ರಸ್ತೆಯ ಬದಿಯಲ್ಲಿ ನಿಂತು ಅವನ್ನು ಹುಡುಕುವುದಕ್ಕಿಂತ ಕಾಲುದಾರಿಯೊಳಗೆ ಹೋಗುವುದು ಮೇಲು.

ನಾಲ್ಕನೆಯ ಹೆಜ್ಜೆ: ಕೂಡುಬೇಟೆಯ ಗುಂಪು

ಒಂದು ಗಂಟೆ ಒಂದು ಹಕ್ಕಿಯೂ ಕಾಣದೆ, ಆಮೇಲೆ ಐದು ನಿಮಿಷದಲ್ಲಿ ಹದಿನೈದು ಜಾತಿ ಕಾಣುವುದು ಉಷ್ಣವಲಯದ ಕಾಡಿನ ಸಾಮಾನ್ಯ ಅನುಭವ. ಬೇರೆ ಬೇರೆ ಜಾತಿಯ ಕೀಟಭಕ್ಷಕಗಳು ಒಟ್ಟುಗೂಡಿ ಕಾಡನ್ನು ಜಾಲಿಸುತ್ತಾ ಸಾಗುವುದೇ ಇದಕ್ಕೆ ಕಾರಣ. ಒಂದು ಎಬ್ಬಿಸಿದ ಹುಳು ಮತ್ತೊಂದಕ್ಕೆ ಸಿಗುತ್ತದೆ. ಹತ್ತಾರು ಜೋಡಿ ಕಣ್ಣುಗಳಿರುವುದರಿಂದ ಗಿಡುಗ ಬಂದದ್ದು ಬೇಗ ತಿಳಿಯುತ್ತದೆ. ಶ್ರೀಲಂಕಾದ ಸಿಂಹರಾಜ ಕಾಡಿನಲ್ಲಿ ಇಂಥ ಗುಂಪುಗಳ ಬಗ್ಗೆ ದೀರ್ಘಕಾಲದ ಅಧ್ಯಯನ ನಡೆದಿದೆ. ಅಲ್ಲಿನ ಒಂದು ಗುಂಪಿನಲ್ಲಿ ಸರಾಸರಿ ಹತ್ತಕ್ಕೂ ಹೆಚ್ಚು ಜಾತಿಗಳು, ಸುಮಾರು 40 ಹಕ್ಕಿಗಳು ಇರುತ್ತವೆ. ಕಿತ್ತಳೆ ಕೊಕ್ಕಿನ ಹರಟೆಮಲ್ಲ ಮತ್ತು ಕಾಜಾಣ ಅದರ ತಿರುಳು. ಪಶ್ಚಿಮ ಘಟ್ಟದಲ್ಲಿ ಕಾಜಾಣದ ಜಾತಿಯದೇ ಆದ ಭೀಮರಾಜನ ಲೋಹದಂಥ ದನಿ ಕೇಳಿದರೆ ಗುಂಪು ಹತ್ತಿರದಲ್ಲಿದೆಯೆಂದು ಭಾವಿಸಬಹುದು.

ಗುಂಪು ಎದುರಾದಾಗ ಹೊಸಬರು ಮಾಡುವ ತಪ್ಪೆಂದರೆ ಮೊದಲು ಕಂಡ ಕೆಂಪು ಚಿತ್ರಪಕ್ಷಿಯ ಹಿಂದೆ ಬೀಳುವುದು. ಅದು ಹೇಗೂ ಸಿಗುತ್ತದೆ; ಮರದ ತುದಿಯಲ್ಲಿ ಎದ್ದು ಕಾಣುವ ಹಕ್ಕಿಗೆ ಆತುರವೇನೂ ಇಲ್ಲ. ಮೊದಲ ಅರ್ಧ ನಿಮಿಷ ಬೈನಾಕ್ಯುಲರ್ ಎತ್ತದೆ ಬರಿಗಣ್ಣಿನಲ್ಲಿ ಗುಂಪು ಯಾವ ದಿಕ್ಕಿಗೆ ಸಾಗುತ್ತಿದೆಯೆಂದು ನೋಡಿಕೊಳ್ಳಿ. ಆಮೇಲೆ ಅದರ ಹಿಂದೆ ಓಡದೆ, ಸಾಧ್ಯವಾದರೆ ಬಳಸು ದಾರಿಯಲ್ಲಿ ಮುಂದಕ್ಕೆ ಹೋಗಿ ನಿಂತು, ಅದು ನಿಮ್ಮ ಮೇಲೆ ಹಾದುಹೋಗಲು ಬಿಡಿ. ನೋಟವನ್ನು ಕೆಳಗಿನಿಂದ ಮೇಲಕ್ಕೆ ಸಾಗಿಸಿ, ಏಕೆಂದರೆ ಕೆಳಗಿನವು ಬೇಗ ಮರೆಯಾಗುತ್ತವೆ. ಪರಿಚಿತ ಹಕ್ಕಿ ಕಂಡೊಡನೆ ಹೆಸರನ್ನು ಮನಸ್ಸಿನಲ್ಲಿ ಹೇಳಿಕೊಂಡು ಮುಂದಿನದಕ್ಕೆ ಹೋಗಿ. ಗುಂಪಿನ ಬಾಲದಲ್ಲಿ ಒಂಟಿಯಾಗಿ ಹಿಂಬಾಲಿಸುವ ಹಕ್ಕಿಯೇ ಹಲವು ಸಲ ಆ ದಿನದ ವಿಶೇಷವಾಗಿರುತ್ತದೆ. ಇಬ್ಬರಿದ್ದರೆ ಮರವನ್ನು ಗಡಿಯಾರದ ಮುಖವೆಂದು ಭಾವಿಸಿ, “ಎರಡು ಗಂಟೆಯ ಕೊಂಬೆ, ಕಾಂಡದಿಂದ ಎರಡು ಮಾರು” ಎಂದು ಮೆಲ್ಲಗೆ ಹೇಳುವುದು, ಬೆರಳು ತೋರಿಸಿ “ಅಲ್ಲಿ, ಅಲ್ಲಿ” ಎನ್ನುವುದಕ್ಕಿಂತ ಎಷ್ಟೋ ಉಪಯುಕ್ತ.

ಐದನೆಯ ಹೆಜ್ಜೆ: ದನಿ

ಎಲ್ಲ ಹಾಡುಗಳನ್ನೂ ಒಮ್ಮೆಲೇ ಕಲಿಯಲು ಹೊರಟರೆ ಒಂದೂ ನಿಲ್ಲುವುದಿಲ್ಲ. ಮೊದಲು ಐದು ದನಿಗಳನ್ನು, ಹಕ್ಕಿಯನ್ನು ಕಣ್ಣಾರೆ ಕಾಣುತ್ತಾ ಕಲಿಯಿರಿ. ಟಿಕೆಲ್ಲನ ನೀಲಿ ನೊಣಹಿಡುಕದ ಚಿಕ್ಕ ಲೋಹಧ್ವನಿಯ ತಾನ, ಕರಿಕತ್ತಿನ ನೀಲಿ ನೊಣಹಿಡುಕದ ಒರಟು ಜೋಡಿ ಕೂಗು, ಚುಕ್ಕೆ ಹರಟೆಮಲ್ಲದ ಸಿಳ್ಳೆ, ಬಾಗಿದ ಕೊಕ್ಕಿನ ಹರಟೆಮಲ್ಲದ ಗಂಡು ಕೂಗಿದೊಡನೆ ಹೆಣ್ಣು ಕೊಡುವ ಉತ್ತರ, ಕೆಂಪೆದೆಯ ನೊಣಹಿಡುಕದ ಗಿರಗಿರ ಸದ್ದು ಇವು ಆರಂಭಕ್ಕೆ ಒಳ್ಳೆಯವು. ಈ ಐದು ಗಟ್ಟಿಯಾದ ಮೇಲೆ, ಕೇಳಿದ ಹೊಸ ದನಿ ಇವುಗಳಲ್ಲಿ ಯಾವುದೂ ಅಲ್ಲವೆಂದು ಹೇಳಲು ಬರುತ್ತದೆ, ಅದೇ ದೊಡ್ಡ ಮುನ್ನಡೆ.

ಮರ್ಲಿನ್‌ನಂಥ ಮೊಬೈಲ್ ಆ್ಯಪ್‌ಗಳು ದನಿ ಕೇಳಿ ಹೆಸರು ಸೂಚಿಸುತ್ತವೆ. ಅವು ಎಲ್ಲಿ ನೋಡಬೇಕೆಂದು ತಿಳಿಸುವ ಸಹಾಯಕರೇ ಹೊರತು ತೀರ್ಪುಗಾರರಲ್ಲ. ಭೀಮರಾಜ ಹತ್ತಾರು ಹಕ್ಕಿಗಳ ದನಿಯನ್ನು ಅನುಕರಿಸಬಲ್ಲದು, ಅಪಾಯದ ಹೊತ್ತಿನಲ್ಲಿ ಬೇರೆ ಜಾತಿಗಳ ಎಚ್ಚರಿಕೆಯ ಕೂಗನ್ನೇ ಕೂಗಬಲ್ಲದು; ಎಲೆಹಕ್ಕಿಗಳೂ ಈ ವಿದ್ಯೆಯಲ್ಲಿ ಕಡಿಮೆಯಿಲ್ಲ. ಮನುಷ್ಯರ ಕಿವಿಯೇ ಮೋಸಹೋಗುವಲ್ಲಿ ಯಂತ್ರವನ್ನು ದೂರುವುದು ಸರಿಯಲ್ಲ, ಆದರೆ ಹಕ್ಕಿಯನ್ನು ನೋಡದೆ ಪಟ್ಟಿಗೆ ಸೇರಿಸುವುದೂ ಸರಿಯಲ್ಲ.

ಧ್ವನಿಮುದ್ರಿಕೆ ನುಡಿಸಿ ಹಕ್ಕಿಯನ್ನು ಹೊರಗೆ ಕರೆಯುವ ರೂಢಿಯನ್ನು ನಾನು ಒಪ್ಪುವುದಿಲ್ಲ. ತನ್ನ ಸೀಮೆಗೆ ಎದುರಾಳಿ ನುಗ್ಗಿದ್ದಾನೆಂದು ಭಾವಿಸಿದ ಗಂಡು ಮೇಯುವುದನ್ನು, ಮರಿಗೆ ಉಣಿಸುವುದನ್ನು ಬಿಟ್ಟು ಬರುತ್ತದೆ. ಗೂಡು ಕಂಡರೆ ಹತ್ತಿರ ಹೋಗದೆ, ಮರೆಯ ಎಲೆಗಳನ್ನು ಸರಿಸದೆ, ಬಂದ ದಾರಿಯಲ್ಲೇ ಹಿಂದಿರುಗಿ; ನಿಮ್ಮ ನೋಟವನ್ನು ಹಿಂಬಾಲಿಸಲು ಕಾಡುಕಾಗೆಗೂ ಬರುತ್ತದೆ. ಆಗ್ನೇಯ ಏಷ್ಯಾದಲ್ಲಿ ಶಾಮದಂಥ ಒಳ್ಳೆಯ ಹಾಡುಗಾರರನ್ನು ಪಂಜರಕ್ಕಾಗಿ ಹಿಡಿದು ಹಲವು ಕಾಡುಗಳು ಬರಿದಾಗಿರುವುದರಿಂದ, ಅಲ್ಲಿ ಇಂಥ ಹಕ್ಕಿ ಇರುವ ನಿಖರವಾದ ಜಾಗವನ್ನು ಸಾರ್ವಜನಿಕವಾಗಿ ಹಂಚಿಕೊಳ್ಳದಿರುವುದೇ ಲೇಸು.

ಕೊನೆಯದಾಗಿ ಬಣ್ಣ

ಈಗ ಉಳಿದಿರುವುದು ಎರಡೋ ಮೂರೋ ಜಾತಿ. ಎಲ್ಲಿ ನೋಡಬೇಕೆಂಬುದು ಮೊದಲೇ ತಿಳಿದಿದ್ದರೆ ಒಂದು ಕ್ಷಣ ಸಾಕು. ನೀಲಿ ಬೆನ್ನು, ಕಿತ್ತಳೆ ಎದೆಯ ಗಂಡು ನೊಣಹಿಡುಕ ಕಂಡಾಗ ಗಂಟಲನ್ನು ನೋಡಿ. ಗಂಟಲೂ ಕಿತ್ತಳೆಯಾಗಿ, ಅದು ಹೊಟ್ಟೆಯ ಬಿಳುಪಿಗೆ ಗೆರೆ ಎಳೆದಂತೆ ಕೊನೆಗೊಂಡರೆ ಟಿಕೆಲ್ಲನದು. ಗಂಟಲು ನೀಲಿಯಾಗಿದ್ದರೆ ನೀಲಿಗಂಟಲಿನದು. ಎದೆಯೂ ನೀಲಿಯಾಗಿ ಹೊಟ್ಟೆ ಬಿಳಿಯಾಗಿದ್ದರೆ ಅದು ಪಶ್ಚಿಮ ಘಟ್ಟಕ್ಕಷ್ಟೇ ಸೀಮಿತವಾದ ಬಿಳಿಹೊಟ್ಟೆಯ ನೀಲಿ ನೊಣಹಿಡುಕ. ಅದರ ಹೆಣ್ಣಿನಲ್ಲಿ ನೀಲಿಯೇ ಇಲ್ಲ, ಕಂದು ಬೆನ್ನು, ಕಿತ್ತಳೆ ಎದೆ, ಇಟ್ಟಿಗೆಗೆಂಪು ಬಾಲ. ಎತ್ತರದ ಶೋಲಾದಲ್ಲಿ ಇಡೀ ಮೈ ನೀಲಿಯಾದ ಹಕ್ಕಿ ಕಂಡರೆ ಬಾಲದ ಬುಡ ನೋಡಬೇಕು. ಅಲ್ಲಿ ಬಿಳಿ ಮಚ್ಚೆಯಿದ್ದರೆ ನೀಲಗಿರಿ ನೊಣಹಿಡುಕ, ಇಲ್ಲದೆ ಮೈಯೆಲ್ಲ ಹಸುರು ಬೆರೆತ ತಿಳಿನೀಲಿಯಾಗಿದ್ದರೆ ತುತ್ತದ ಬಣ್ಣದ್ದು.

ಕಂದು ಹಕ್ಕಿಗಳಲ್ಲಿ ಕಾಲು ನೋಡಬೇಕು. ಕಂದು ನೊಣಹಿಡುಕದ ಕಾಲು ಕಪ್ಪು, ಕೆಳಕೊಕ್ಕಿನ ಬುಡ ಮಾತ್ರ ಹಳದಿ. ಚಳಿಗಾಲಕ್ಕೆ ಪಶ್ಚಿಮ ಘಟ್ಟಕ್ಕೂ ಶ್ರೀಲಂಕಾಕ್ಕೂ ಬರುವ ಕಂದೆದೆಯ ನೊಣಹಿಡುಕದ ಕಾಲು ಮಾಸಲು ಗುಲಾಬಿ, ಕೆಳಕೊಕ್ಕು ಪೂರ್ತಿ ಹಳದಿ. ಈ ಹಕ್ಕಿಯ ವೈಜ್ಞಾನಿಕ ಹೆಸರಿನಲ್ಲಿರುವ ‘ಮುತ್ತುಯಿ’ ಎಂಬ ಪದ, 19ನೆಯ ಶತಮಾನದಲ್ಲಿ ಸಿಲೋನಿನಲ್ಲಿದ್ದ ಲೇಯರ್ಡ್ ಎಂಬ ನಿಸರ್ಗತಜ್ಞ ತನ್ನ ಸೇವಕ ಮುತ್ತುವಿನ ನೆನಪಿಗೆ ಇಟ್ಟದ್ದು. ಒಡೆಯರ ಹೆಸರುಗಳೇ ತುಂಬಿರುವ ಹಕ್ಕಿಪಟ್ಟಿಯಲ್ಲಿ ಹೀಗೊಬ್ಬ ಆಳಿನ ಹೆಸರು ಉಳಿದಿರುವುದು ಅಪರೂಪ.

ರಾಜಹಕ್ಕಿಯ ವಿಷಯದಲ್ಲಿ ಎಚ್ಚರವಿರಲಿ. ಬಿಳಿಯ ಗಂಡು, ಇಟ್ಟಿಗೆಗೆಂಪಿನ ಗಂಡು, ಮೋಟು ಬಾಲದ ಹೆಣ್ಣು ಮೂರೂ ಒಂದೇ ಜಾತಿ. ಎಳೆಯ ಗಂಡುಗಳೂ ಮೋಟು ಬಾಲದವೇ ಆಗಿರುವುದರಿಂದ, ಉದ್ದ ಬಾಲವಿಲ್ಲದ್ದೆಲ್ಲ ಹೆಣ್ಣೆಂದು ಬರೆದುಕೊಳ್ಳಬಾರದು.

ಟಿಪ್ಪಣಿ

ಕಂಡ ಕೂಡಲೇ ಬರೆಯಿರಿ, ಪುಸ್ತಕ ನೋಡುವ ಮೊದಲೇ ಬರೆಯಿರಿ. ಚಿತ್ರ ನೋಡಿದ ಮೇಲೆ ನೆನಪು ಚಿತ್ರದ ಕಡೆಗೆ ವಾಲುತ್ತದೆ. ಹೊತ್ತು, ಅಂತಸ್ತು, ಕಸುಬು, ಜೊತೆಗಾರರು, ದನಿ, ಆಮೇಲೆ ಬಣ್ಣ ಎಂಬ ಇದೇ ಅನುಕ್ರಮದಲ್ಲಿ ಬರೆದರೆ ಮರೆಯುವುದು ಕಡಿಮೆ. ಕೆಲವು ಎಲೆ ಉಲಿಯಕ್ಕಿಗಳು ಎಷ್ಟು ನೋಡಿದರೂ ಬಗೆಹರಿಯುವುದಿಲ್ಲ; ರೆಕ್ಕೆಯ ಮೇಲೆ ಒಂದು ಮಸುಕಾದ ಪಟ್ಟಿಯಿತ್ತೇ, ನೆತ್ತಿಯ ನಡುವೆ ತಿಳಿಗೆರೆಯಿತ್ತೇ, ಕೂಗು ಒಂದು ಉಸಿರಿನದೋ ಎರಡರದೋ ಎಂಬುದನ್ನಷ್ಟೇ ಗುರುತು ಹಾಕಿ, “ಎಲೆ ಉಲಿಯಕ್ಕಿ, ಜಾತಿ ತಿಳಿಯಲಿಲ್ಲ” ಎಂದು ಬರೆದು, ಮರದ ಗುರುತನ್ನೂ ಸೇರಿಸಿ. ದಕ್ಷಿಣ ಭಾರತಕ್ಕೆ ಚಳಿಗಾಲ ಕಳೆಯಲು ಬರುವ ಹಸಿರು ಎಲೆ ಉಲಿಯಕ್ಕಿ ತನ್ನದೊಂದು ಚಿಕ್ಕ ಸೀಮೆಯನ್ನು ಹಿಡಿದುಕೊಂಡು, ಎರಡು ಉಸಿರಿನ ಕೂಗಿನಿಂದ ಅದನ್ನು ಕಾಯುತ್ತಾ ಇಡೀ ಋತುವನ್ನು ಅಲ್ಲೇ ಕಳೆಯುತ್ತದೆ. ಡಿಸೆಂಬರಿನಲ್ಲಿ ತಪ್ಪಿಸಿಕೊಂಡ ಹಕ್ಕಿ ಅದಾಗಿದ್ದರೆ, ಫೆಬ್ರವರಿಯಲ್ಲಿ ಅದೇ ಮರದ ಕೆಳಗೆ ನಿಂತಾಗ ಮತ್ತೆ ಕೂಗುತ್ತಿರುತ್ತದೆ.